ನೋವಿಗೆ ಲೇಸರ್: ಎಷ್ಟು ಜೂಲ್, ಎಲ್ಲಿಗೆ, ಎಷ್ಟು ಸಲ

ಮೊಣಗಂಟು ನೋವು, ಕಾಲು ಉಳುಕು, ಕುತ್ತಿಗೆ ಸೆಳೆತ ಎಂದು ಫಿಸಿಯೋಥೆರಪಿಗೆ ಹೋದವರಿಗೆ ಈಗ ‘ಲೇಸರ್ ಇಡೋಣ’ ಎಂಬ ಮಾತು ಕೇಳುವುದು ಹೊಸದಲ್ಲ. ಕಾಸರಗೋಡು, ಕುಂಬಳೆ, ಬದಿಯಡ್ಕ, ಉಪ್ಪಳದವರು ಊರಿನಲ್ಲಿ ಎರಡು ಸಲ, ತಲಪಾಡಿ ದಾಟಿ ಮಂಗಳೂರಿನಲ್ಲಿ ನಾಲ್ಕು ಸಲ, ಮಗಳ ಮನೆಗೆ ಹೋದಾಗ ಕಣ್ಣೂರಿನಲ್ಲಿ ಒಂದು ಸಲ ಹೀಗೆ ತುಂಡು ತುಂಡಾಗಿ ಲೇಸರ್ ತೆಗೆದುಕೊಂಡು ಕೊನೆಗೆ ‘ಅದರಿಂದ ಏನೂ ಆಗಲಿಲ್ಲ’ ಎನ್ನುತ್ತಾರೆ. ಅಷ್ಟೂ ಕಡೆ ಯಾವ ಬೆಳಕು ಕೊಟ್ಟರು, ಎಷ್ಟು ಕೊಟ್ಟರು ಎಂದು ಕೇಳಿದರೆ ಚೀಟಿಯಲ್ಲಿ ‘ಲೇಸರ್’ ಎಂಬ ಒಂದೇ ಪದ ಇರುತ್ತದೆ. ಮಾತ್ರೆಯ ಚೀಟಿಯಲ್ಲಿ ಮಿಲಿಗ್ರಾಂ ಬರೆಯದಿದ್ದರೆ ಅಂಗಡಿಯವರು ಮದ್ದು ಕೊಡುವುದಿಲ್ಲ. ಲೇಸರ್‌ಗೂ ಅಂಥದ್ದೇ ಪ್ರಮಾಣವಿದೆ, ಒಟ್ಟು ಎಷ್ಟು ಬೆಳಕು ಕೊಟ್ಟರೆಂಬುದನ್ನು ಜೂಲ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಅದನ್ನು ರೋಗಿಯೂ ಕೇಳಿ ತಿಳಿದುಕೊಳ್ಳುವಂತಾಗಲಿ ಎಂಬುದು ಈ ಬರಹದ ಉದ್ದೇಶ.

ಇಲ್ಲಿ ಹೇಳುತ್ತಿರುವುದು ಕಲ್ಲು ಒಡೆಯುವ, ಕಣ್ಣಿನ ಪರೆಗೆ ಬಳಸುವ, ಕೂದಲು ತೆಗೆಯುವ ಲೇಸರ್‌ನ ವಿಚಾರವಲ್ಲ. ಚರ್ಮವನ್ನು ಕೊಯ್ಯದೆ, ಸುಡದೆ, ಬೆಳಕನ್ನು ಒಳಗೆ ಇಳಿಸಿ ನೋವು ಮತ್ತು ಉರಿಯೂತ ತಗ್ಗಿಸುವ ವಿಧಾನ ಇದು.

ಅದು ಮಾಡುವುದೇನು, ಮಾಡದಿರುವುದೇನು

1960ರಲ್ಲಿ ಥಿಯೊಡೋರ್ ಮೈಮನ್ ಮೊದಲ ರೂಬಿ ಲೇಸರ್ ಬೆಳಗಿಸಿದರು. ಏಳು ವರ್ಷಗಳ ಬಳಿಕ ಬುಡಾಪೆಸ್ಟಿನ ವೈದ್ಯ ಎಂಡ್ರೆ ಮೆಸ್ಟರ್ ಕೂದಲು ಬೋಳಿಸಿದ ಇಲಿಗಳ ಮೇಲೆ ಕಡಿಮೆ ಶಕ್ತಿಯ ರೂಬಿ ಲೇಸರ್ ಬಿಟ್ಟಾಗ, ಬೆಳಕು ಬಿದ್ದ ಇಲಿಗಳ ಕೂದಲು ಬೇಗ ಬೆಳೆಯಿತು. ಆಮೇಲೆ ಅವರು ಒಣಗದ ಹುಣ್ಣುಗಳಿಗೂ ಅದನ್ನು ಬಳಸಿ ನೋಡಿದರು. ಈ ಚಿಕಿತ್ಸೆ ಶುರುವಾದದ್ದು ಅಲ್ಲಿಂದ.

ಬಳಸುವ ಬೆಳಕು ಸುಮಾರು 600ರಿಂದ 1000 ನ್ಯಾನೊಮೀಟರ್ ಅಲೆಯುದ್ದದ್ದು. 630-660ರ ಆಸುಪಾಸಿನದು ಕಣ್ಣಿಗೆ ಕಾಣುವ ಕೆಂಪು. ಮೇಲ್ಮೈ ಗಾಯಕ್ಕೆ ಅನುಕೂಲ. 780ರಿಂದ 860 ಮತ್ತು 904 ಕಣ್ಣಿಗೆ ಕಾಣದ ಅವಗೆಂಪು. ಸ್ನಾಯುವನ್ನು ಎಲುಬಿಗೆ ಕೂಡಿಸುವ ಸ್ನಾಯುರಜ್ಜು, ಗಂಟುಗಳಿಗೆ ಇದೇ ಬೇಕು. ಜೀವಕೋಶದ ಮೈಟೊಕಾಂಡ್ರಿಯದಲ್ಲಿರುವ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ ಈ ಬೆಳಕನ್ನು ಹೀರಿಕೊಳ್ಳುತ್ತದೆ ಎಂಬುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. ಅದರಿಂದ ಕೋಶದ ಶಕ್ತಿ ತಯಾರಿಕೆ ಏರುತ್ತದೆ, ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗಿ ರಕ್ತಸಂಚಾರ ಹೆಚ್ಚುತ್ತದೆ, ಉರಿಯೂತದ ರಾಸಾಯನಿಕಗಳು ತಗ್ಗುತ್ತವೆ. ನೋವು ಸಾಗಿಸುವ ತೆಳು ನರಗಳ ವೇಗವೂ ಸ್ವಲ್ಪ ಹೊತ್ತು ಕುಗ್ಗುತ್ತದೆ. ಮೇಜಿನಿಂದ ಎದ್ದ ಕೂಡಲೇ ಹಗುರ ಎನಿಸುವುದು ಇದರಿಂದಲೇ ಹೊರತು ಗಾಯ ಮಾಯ್ದದ್ದರಿಂದಲ್ಲ. ಆ ಹಗುರವನ್ನು ನಂಬಿ ಅದೇ ಸಂಜೆ ವಾಲಿಬಾಲ್ ಅಂಗಣಕ್ಕೆ ಇಳಿದವರು ಮರುದಿನ ಕುಂಟುತ್ತಾ ಬರುತ್ತಾರೆ.

ಬೆಳಕಿನ ಬಹುಪಾಲು ಚರ್ಮದ ಮೊದಲ ಕೆಲವು ಮಿಲಿಮೀಟರ್‌ಗಳಲ್ಲೇ ಮುಗಿಯುತ್ತದೆ. ಮೊಣಕೈ, ಹಿಮ್ಮಡಿ, ಪಾದದ ಗಂಟು, ಹೆಬ್ಬೆರಳ ಬುಡದಂಥ ಕಡೆ ರೋಗದ ಜಾಗ ಚರ್ಮದ ಹತ್ತಿರವೇ ಇರುವುದರಿಂದ ಅಲ್ಲಿಗೆ ತಲುಪುತ್ತದೆ. ದಪ್ಪ ಮೈಯವರ ಸೊಂಟದ ಕೀಲಿಗೆ ತಲುಪುವುದು ಅತ್ಯಲ್ಪ. ಹೊರಬಂದ ಡಿಸ್ಕನ್ನು ಲೇಸರ್ ಒಳಗೆ ತಳ್ಳುವುದಿಲ್ಲ, ಸವೆದ ಮೊಣಗಂಟಿನ ಮೃದ್ವಸ್ಥಿಯನ್ನು ಮತ್ತೆ ಬೆಳೆಸುವುದಿಲ್ಲ, ಹರಿದುಹೋದ ಲಿಗಮೆಂಟನ್ನು ಹೊಲಿಯುವುದೂ ಇಲ್ಲ. ಹಾಗೆ ಮಾತು ಕೊಡುವ ಕೇಂದ್ರವಿದ್ದರೆ ಅಲ್ಲಿಂದ ಎದ್ದು ಬನ್ನಿ.

ಪುರಾವೆ ಎಲ್ಲ ನೋವಿಗೂ ಒಂದೇ ಸಮ ಇಲ್ಲ. ಕುತ್ತಿಗೆ ನೋವಿನ ಕುರಿತು 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ 16 ಪ್ರಯೋಗಗಳನ್ನು, ಒಟ್ಟು 820 ರೋಗಿಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಬಂತು. ಹಳೆಯ ಕುತ್ತಿಗೆ ನೋವಿನಲ್ಲಿ ಚಿಕಿತ್ಸೆ ಮುಗಿದ 22 ವಾರಗಳವರೆಗೂ ಪ್ರಯೋಜನ ಕಂಡಿತು. ಸವೆದ ಮೊಣಗಂಟಿನ ಬಗ್ಗೆ 2019ರಲ್ಲಿ ಬಿಎಂಜೆ ಓಪನ್ ಪತ್ರಿಕೆಯಲ್ಲಿ ಬಂದ 22 ಪ್ರಯೋಗಗಳ ವಿಶ್ಲೇಷಣೆ ಇನ್ನೂ ಮುಖ್ಯವಾದುದು. ಈ ಕ್ಷೇತ್ರದ ವಿಶ್ವ ಸಂಘಟನೆಯಾದ ವಾಲ್ಟ್‌ನ ಶಿಫಾರಸಿನಷ್ಟು ಪ್ರಮಾಣ ಕೊಟ್ಟ ಪ್ರಯೋಗಗಳಲ್ಲಿ ನೋವು ತಗ್ಗಿತ್ತು. ಅದಕ್ಕಿಂತ ಕಡಿಮೆ ಕೊಟ್ಟವುಗಳಲ್ಲಿ ಹೇಳುವಂಥ ಪ್ರಯೋಜನ ಇರಲಿಲ್ಲ. ಕ್ಯಾನ್ಸರ್ ಚಿಕಿತ್ಸೆಯ ವೇಳೆ ಬಾಯಿಯಲ್ಲಿ ಏಳುವ ಹುಣ್ಣು ತಡೆಯಲು ಅಂತಾರಾಷ್ಟ್ರೀಯ ಮಾರ್ಗಸೂಚಿಗಳೇ ಇದನ್ನು ಶಿಫಾರಸು ಮಾಡುತ್ತವೆ, ಆದರೆ ಅದು ಕ್ಯಾನ್ಸರ್ ಆಸ್ಪತ್ರೆಯೊಳಗೆ ಆಗಬೇಕಾದ ಕೆಲಸ. ಹಳೆಯ ಸೊಂಟನೋವಿಗೆ ಪುರಾವೆ ದುರ್ಬಲ. ಸೊಂಟನೋವಿಗೆಂದೇ ಇಪ್ಪತ್ತು ಸಲದ ಪ್ಯಾಕೇಜು ಕಟ್ಟುವ ಮೊದಲು ಎರಡು ಸಲ ಯೋಚಿಸಿ.

ಮೊದಲ ಹೆಜ್ಜೆ: ನೋವು ಯಾವುದೆಂದು ತಿಳಿಯುವುದು

ಮುರಿದ ಎಲುಬಿಗೆ ಉಳುಕಿನ ಚಿಕಿತ್ಸೆ ಮಾಡುವುದೇ ನಮ್ಮ ಕಡೆ ಆಗುವ ದೊಡ್ಡ ಅನಾಹುತ. ಅಡಿಕೆ ತೋಟದ ಕಣಿಯಲ್ಲಿ ಜಾರಿ, ಮಳೆಗೆ ಪಾಚಿ ಹಿಡಿದ ಮೆಟ್ಟಿಲಲ್ಲಿ ಕಾಲು ಹೊರಳಿ ಬಿದ್ದವರು ಮೊದಲು ಈ ಪರೀಕ್ಷೆ ಮಾಡಿಕೊಳ್ಳಲಿ. ಬಿದ್ದ ತಕ್ಷಣವೂ, ಆಸ್ಪತ್ರೆಗೆ ಬಂದಾಗಲೂ ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಹಾಕಲು ಆಗುತ್ತದೆಯೇ? ಪಾದದ ಗಂಟಿನ ಎರಡೂ ಬದಿಯ ಉಬ್ಬೆಲುಬಿನ ಹಿಂದಂಚನ್ನು ತುದಿಯಿಂದ ಮೇಲಕ್ಕೆ 6 ಸೆಂಟಿಮೀಟರ್‌ವರೆಗೆ ಒತ್ತಿದರೆ ಎಲುಬಿನ ಮೇಲೆಯೇ ನೋವಿದೆಯೇ? ಕಿರುಬೆರಳ ಬದಿಯಲ್ಲಿ ಪಾದದ ನಡುವೆ ಸಿಗುವ ಗಂಟೆಲುಬಿನ ಮೇಲೆ, ಅಥವಾ ಒಳಬದಿಯಲ್ಲಿ ಪಾದದ ಕಮಾನಿನ ಮೇಲ್ಭಾಗದ ಎಲುಬಿನ ಮೇಲೆ ಒತ್ತಿದರೆ ನೋವಿದೆಯೇ? ನಾಲ್ಕು ಹೆಜ್ಜೆ ಆಗದಿದ್ದರೆ, ಅಥವಾ ಈ ಎಲುಬುಗಳಲ್ಲಿ ಒಂದರ ಮೇಲಾದರೂ ನೋವಿದ್ದರೆ ಮೊದಲು ಎಕ್ಸ್‌ರೇ, ಆಮೇಲೆ ಉಳಿದದ್ದು. ಇದು ಒಟ್ಟಾವಾ ನಿಯಮ ಎಂದು ತುರ್ತು ವಿಭಾಗಗಳಲ್ಲಿ ಬಳಕೆಯಲ್ಲಿದೆ. ಮಧುಮೇಹದಿಂದ ಕಾಲು ಜೋಮು ಹಿಡಿದವರಿಗೆ ಇದನ್ನು ನಂಬಬೇಡಿ; ಅವರಿಗೆ ಒತ್ತಿದ್ದು ತಿಳಿಯುವುದೇ ಇಲ್ಲ.

ಬೆನ್ನುನೋವಿನ ಜೊತೆಗೆ ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ತೊಡೆಸಂದಿಯ ಸುತ್ತ ಸ್ಪರ್ಶ ಗೊತ್ತಾಗದಿರುವುದು, ಪಾದ ಎತ್ತಲಾಗದಿರುವುದು ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಮಲಗಿದಾಗಲೇ ಜೋರಾಗುವ ನೋವು ಇದ್ದರೆ ಫಿಸಿಯೋಥೆರಪಿಗಿಂತ ಮೊದಲು ವೈದ್ಯರು ನೋಡಲಿ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಒತ್ತಿದರೆ ನೋವಾಗುವಂತಿದ್ದರೆ ಅದು ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದೂ ಆಗಿರಬಹುದು. ಅಂಥ ಕಾಲನ್ನು ಎಣ್ಣೆ ಹಾಕಿ ತಿಕ್ಕುವುದೂ ಬೇಡ, ಲೇಸರೂ ಬೇಡ.

ಎರಡನೆಯದು: ಯಾರಿಗೆ ಬೇಡ, ಯಾರು ಮೊದಲೇ ಹೇಳಬೇಕು

ಕಣ್ಣಿಗೆ ನೇರವಾಗಿ ಎಂದೂ ಬೀಳಬಾರದು. ಕ್ಯಾನ್ಸರ್ ಗಡ್ಡೆ ಇರುವ ಅಥವಾ ಇದೆಯೆಂಬ ಸಂಶಯವಿರುವ ಜಾಗದ ಮೇಲೆ, ಗರ್ಭಿಣಿಯ ಹೊಟ್ಟೆ ಮತ್ತು ಸೊಂಟದ ಮೇಲೆ, ರಕ್ತ ಸೋರುತ್ತಿರುವ ಗಾಯದ ಮೇಲೆ ಇಡಬಾರದು. ಕುತ್ತಿಗೆಯ ಮುಂಭಾಗದಲ್ಲಿ ಥೈರಾಯ್ಡ್ ಗ್ರಂಥಿಯ ಮೇಲೆ ಬೀಳದಂತೆ ನೋಡಿಕೊಳ್ಳಬೇಕು. ಅಪಸ್ಮಾರ ಇದ್ದವರು ಮೊದಲೇ ಹೇಳಲಿ, ಮಿನುಗುವ ಕೆಂಪು ಬೆಳಕು ಅವರಿಗೆ ಆಗಲಿಕ್ಕಿಲ್ಲ.

ಮದ್ದುಗಳ ವಿಚಾರ ನಮ್ಮ ಕಡೆ ವಿಶೇಷವಾಗಿ ಕೇಳಬೇಕಾದದ್ದು. ಕೇರಳದಲ್ಲಿ ಮಳೆಗಾಲದಲ್ಲಿ ಕೆಸರು, ಕೊಳಚೆ ನೀರಿನಲ್ಲಿ ಕೆಲಸ ಮಾಡುವವರಿಗೆ ಇಲಿಜ್ವರ ಬಾರದಂತೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ‘ನೀವು ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ’ ಎಂದರೆ ಯಾರಿಗೂ ಅದು ನೆನಪಿಗೆ ಬರುವುದಿಲ್ಲ, ಯಾಕೆಂದರೆ ಅದನ್ನು ಕಾಯಿಲೆಗೆಂದು ನುಂಗಿದ್ದಲ್ಲ. ಈ ಮದ್ದು ಚರ್ಮವನ್ನು ಬೆಳಕಿಗೆ ಸೂಕ್ಷ್ಮಗೊಳಿಸುತ್ತದೆ. ಆ ಸೂಕ್ಷ್ಮತೆ ಮುಖ್ಯವಾಗಿ ಬಿಸಿಲಿನ ಅತಿನೇರಳೆ ಕಿರಣಕ್ಕೇ ಹೊರತು ಕೆಂಪು, ಅವಗೆಂಪು ಬೆಳಕಿಗಲ್ಲ. ಹಾಗಿದ್ದರೂ ಹೇಳಿಬಿಡಿ, ಒಂದು ಬಿಂದುವಿಗೆ ಕಡಿಮೆ ಪ್ರಮಾಣ ಕೊಟ್ಟು, ಮರುದಿನ ಚರ್ಮ ನೋಡಿ ಮುಂದುವರಿಸಬಹುದು.

ಎಲುಬಿಗೆ ಪ್ಲೇಟು, ಸ್ಕ್ರೂ ಹಾಕಿಸಿಕೊಂಡವರು ಹೆದರಬೇಕಾಗಿಲ್ಲ. ರೇಡಿಯೋ ಅಲೆಯಿಂದ ಬಿಸಿ ಕೊಡುವ ಶಾರ್ಟ್‌ವೇವ್ ಯಂತ್ರದಂತೆ ಇದು ಲೋಹವನ್ನು ಒಳಗೆ ಕಾಯಿಸುವುದಿಲ್ಲ. ಹೆಚ್ಚು ಶಕ್ತಿಯ, ಮೈ ಬಿಸಿಯಾಗುವ ಯಂತ್ರವಾದರೆ ಮಾತ್ರ ಲೋಹ ಚರ್ಮದ ಅಡಿಯಲ್ಲೇ ಇರುವ ಕಡೆ ಎಚ್ಚರ ಬೇಕು. ಜೋಮು ಹಿಡಿದ ಪಾದಗಳಿಗೂ, ಸ್ಪರ್ಶ ಕಳೆದುಕೊಂಡ ಚರ್ಮಕ್ಕೂ ಈ ಬಿಸಿಯ ಯಂತ್ರ ಬೇಡವೇ ಬೇಡ.

ಮೂರನೆಯದು: ಯಂತ್ರದ ಬಗ್ಗೆ ಕೇಳಬೇಕಾದದ್ದು

ಅಲೆಯುದ್ದ ಎಷ್ಟು ನ್ಯಾನೊಮೀಟರ್? ಸರಾಸರಿ ಶಕ್ತಿ ಎಷ್ಟು ಮಿಲಿವ್ಯಾಟ್? ಒಂದೊಂದು ಬಿಂದುವಿಗೆ ಎಷ್ಟು ಜೂಲ್ ಕೊಡುತ್ತೀರಿ? ಈ ಮೂರಕ್ಕೆ ಉತ್ತರ ಕೊಡಬಲ್ಲವರು ಕೆಲಸ ಬಲ್ಲವರು. ಬ್ರಾಂಡು ಯಾವುದಾದರೂ ಇರಲಿ.

ಲೆಕ್ಕ ಸುಲಭ. ವ್ಯಾಟ್‌ನಲ್ಲಿರುವ ಶಕ್ತಿಯನ್ನು ಸೆಕೆಂಡಿನಿಂದ ಗುಣಿಸಿದರೆ ಜೂಲ್ ಸಿಗುತ್ತದೆ. 100 ಮಿಲಿವ್ಯಾಟ್ ಎಂದರೆ 0.1 ವ್ಯಾಟ್, 40 ಸೆಕೆಂಡು ಇಟ್ಟರೆ 4 ಜೂಲ್. ಅದೇ 4 ಜೂಲ್‌ಗೆ 50 ಮಿಲಿವ್ಯಾಟಿನ ಪ್ರೋಬ್ (ಚರ್ಮಕ್ಕೆ ಹಿಡಿಯುವ, ಬೆಳಕು ಬರುವ ತುದಿ) ಆದರೆ 80 ಸೆಕೆಂಡು, 200ರದ್ದಾದರೆ 20, 500ರದ್ದಾದರೆ 8 ಸೆಕೆಂಡು ಸಾಕು.

ಎಡವುವುದು ಮಿಡಿತದ ಯಂತ್ರಗಳಲ್ಲಿ. 904 ನ್ಯಾನೊಮೀಟರಿನ ಲೇಸರ್ ಬಿಟ್ಟು ಬಿಟ್ಟು, ಅತಿ ಸಣ್ಣ ಮಿಡಿತಗಳಲ್ಲಿ ಬೆಳಗುತ್ತದೆ. ಮಾರಾಟದ ಹಾಳೆಯಲ್ಲಿ ‘25 ವ್ಯಾಟ್’ ಎಂದು ದಪ್ಪ ಅಕ್ಷರದಲ್ಲಿ ಇರುವುದು ಒಂದು ಮಿಡಿತದ ಶಿಖರ ಶಕ್ತಿ. ಪ್ರತಿ ಮಿಡಿತ 200 ನ್ಯಾನೊಸೆಕೆಂಡು, ಸೆಕೆಂಡಿಗೆ 1000 ಮಿಡಿತ ಎಂದಿಟ್ಟುಕೊಂಡರೆ ಸರಾಸರಿ ಶಕ್ತಿ ಬರೀ 5 ಮಿಲಿವ್ಯಾಟ್. 2 ಜೂಲ್ ಕೊಡಲು 400 ಸೆಕೆಂಡು, ಅಂದರೆ ಆರೂವರೆ ನಿಮಿಷಕ್ಕೂ ಹೆಚ್ಚು ಬೇಕು. ಮಿಡಿತವನ್ನು 5000ಕ್ಕೆ ಏರಿಸಿದರೆ ಸರಾಸರಿ 25 ಮಿಲಿವ್ಯಾಟ್ ಆಗಿ ಅದೇ 2 ಜೂಲ್ 80 ಸೆಕೆಂಡಿಗೆ ಸಿಗುತ್ತದೆ. ಗುಂಡಿ ತಿರುಗಿಸಿ ಮಿಡಿತ ಬದಲಿಸುವವರು ಸಮಯ ಬದಲಿಸದಿದ್ದರೆ ರೋಗಿಗೆ ಸಿಗುವ ಪ್ರಮಾಣ ಐದು ಪಾಲು ಏರುಪೇರಾಗುತ್ತದೆ. ‘ನಮ್ಮಲ್ಲಿ ಲೇಸರ್ ಕೆಲಸ ಮಾಡುವುದಿಲ್ಲ’ ಎನ್ನುವ ಕೇಂದ್ರದವರು ಮೊದಲು ಈ ಗುಣಾಕಾರ ಮಾಡಿ ನೋಡಲಿ.

ಶಕ್ತಿಯ ಮೇಲೆ ಯಂತ್ರಗಳಿಗೆ ವರ್ಗವಿದೆ. 500 ಮಿಲಿವ್ಯಾಟ್‌ವರೆಗಿನದು 3ಬಿ ವರ್ಗ. ಚರ್ಮಕ್ಕೆ ಒತ್ತಿ ಹಿಡಿದು ಬಿಂದು ಬಿಂದುವಾಗಿ ಕೊಡುವಂಥದ್ದು, ಮೈಗೆ ಏನೂ ತಿಳಿಯುವುದಿಲ್ಲ. ಅದಕ್ಕಿಂತ ಮೇಲಿನದು 4ನೇ ವರ್ಗ, ಹತ್ತು ಹದಿನೈದು ವ್ಯಾಟ್‌ವರೆಗಿನವೂ ಸಿಗುತ್ತವೆ. ಹಿತವಾದ ಬಿಸಿ ಬರುತ್ತದೆ, ಪ್ರೋಬ್ ಓಡಾಡಿಸುತ್ತಲೇ ಇರಬೇಕು. ಕೆಲವರು ಬಿಸಿ ಬಂದರೆ ಮಾತ್ರ ‘ಲೇಸರ್ ಹಿಡಿಯಿತು’ ಎಂದು ತಿಳಿಯುತ್ತಾರೆ. ಆ ಬಿಸಿಗೂ ಗುಣಕ್ಕೂ ಸಂಬಂಧವಿಲ್ಲ.

ಕೇಂದ್ರದ ವಿಚಾರವಾಗಿ ಇಷ್ಟು ನೋಡಿ. ಕೇರಳದಲ್ಲಿ 2018ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆ ಇದೆ, ನೋಂದಣಿ ಪತ್ರ ಎಲ್ಲಿದೆಯೆಂದು ಕೇಳುವುದು ರೋಗಿಯ ಹಕ್ಕು. ಚಿಕಿತ್ಸೆ ಕೊಡುವವರು ಬಿಪಿಟಿ (ಫಿಸಿಯೋಥೆರಪಿಯ ಪದವಿ) ಅಥವಾ ಅದಕ್ಕಿಂತ ಮೇಲಿನ ಪದವಿ ಇದ್ದವರೇ ಎಂದೂ ಕೇಳಿ. ಯಂತ್ರ ಹಚ್ಚಿಟ್ಟು ಫೋನು ನೋಡುತ್ತಾ ಕೂರುವ ಸಹಾಯಕರ ಕೈಗೆ 4ನೇ ವರ್ಗದ ಲೇಸರ್ ಕೊಡುವಂಥದ್ದಲ್ಲ.

ನಾಲ್ಕನೆಯದು: ಹೋಗುವ ಮೊದಲು ಮೈ ತಯಾರಿ

ನಮ್ಮಲ್ಲಿ ಉಳುಕಿದ ಕಾಲಿಗೆ ಮುರಿವೆಣ್ಣ, ಗಂಟಿಗೆ ಕೊಟ್ಟಂಚುಕ್ಕಾದಿ, ಸೊಂಟಕ್ಕೆ ಧನ್ವಂತರ ತೈಲ ಹಚ್ಚದ ಮನೆ ಕಡಿಮೆ. ಹಚ್ಚಿಕೊಳ್ಳಿ, ಬೇಡವೆನ್ನುತ್ತಿಲ್ಲ; ಆದರೆ ಲೇಸರ್‌ಗೆ ಹೋಗುವ ದಿನ ಸಂಜೆಗೆ ಹಚ್ಚಿ. ಎಣ್ಣೆಯ ಪದರ ಪ್ರೋಬ್‌ನ ಗಾಜಿಗೆ ಅಂಟಿ ಮುಂದಿನ ರೋಗಿಗೂ ಬೆಳಕು ಮಸುಕಾಗುತ್ತದೆ. ಅರಸಿನ, ಪಟ್ಟು ಹಾಕಿದ ಸೊಪ್ಪಿನ ಕಲೆ, ಬಣ್ಣದ ಮುಲಾಮು ಇದ್ದರೆ ಅವು ಬೆಳಕನ್ನು ತಡೆಯಬಹುದು ಇಲ್ಲವೇ ಹೀರಬಹುದು, 4ನೇ ವರ್ಗದ ಯಂತ್ರವಾದರೆ ಆ ಜಾಗ ಸುಡಲೂಬಹುದು. ಸಾಬೂನು ಹಾಕಿ ತೊಳೆದು, ಒರೆಸಿ, ಒಣಗಿಸಿ ಹೋಗಬೇಕು. ನೋವಿನ ಬಾಮ್ ಹಚ್ಚಿ ಅದರ ಮೇಲೆ ಲೇಸರ್ ಇಡಿಸಿಕೊಂಡರೆ ಉರಿ ಯಾವುದರದ್ದೆಂದು ಯಾರಿಗೂ ಗೊತ್ತಾಗುವುದಿಲ್ಲ.

ಹಚ್ಚೆಯ ಮೇಲೆ ಇಡಬಾರದು. ಕಪ್ಪು ಮೈಬಣ್ಣ, ದಟ್ಟ ಕೂದಲು ಎರಡೂ ಬೆಳಕನ್ನು ಮೇಲೆಯೇ ಹೆಚ್ಚು ಹೀರುತ್ತವೆ. 3ಬಿಯಲ್ಲಿ ಅದರಿಂದ ತೊಂದರೆ ಕಡಿಮೆ, 4ನೇ ವರ್ಗದಲ್ಲಿ ಶಕ್ತಿ ಇಳಿಸಿ, ಪ್ರೋಬ್ ಬೇಗ ಬೇಗ ಓಡಾಡಿಸಬೇಕು. ವಿದೇಶಿ ಯಂತ್ರದಲ್ಲಿ ಮೊದಲೇ ತುಂಬಿಟ್ಟ ಕಾರ್ಯಕ್ರಮಗಳಲ್ಲಿ ಚರ್ಮದ ಬಣ್ಣ ಕೇಳುವ ಪರದೆ ಬಂದರೆ ಅದನ್ನು ದಾಟಿಸಿ ಮುಂದೆ ಹೋಗಬೇಡಿ.

ಐದನೆಯದು: ಮೇಜಿನ ಮೇಲೆ

ಕೋಣೆಯಲ್ಲಿರುವ ಎಲ್ಲರಿಗೂ, ರೋಗಿಗೆ, ಚಿಕಿತ್ಸಕರಿಗೆ, ಜೊತೆಗೆ ಬಂದ ಮಗುವಿಗೂ ಕನ್ನಡಕ ಬೇಕು, ಅದೂ ಅದೇ ಅಲೆಯುದ್ದಕ್ಕೆಂದು ಗುರುತು ಹಾಕಿದ್ದು. ಕಪ್ಪು ತಂಪುಕನ್ನಡಕ ಉಪಯೋಗಕ್ಕಿಲ್ಲ. ಅದರ ಹಿಂದೆ ಪಾಪೆ ಹಿಗ್ಗುವುದರಿಂದ ಅಪಾಯ ಹೆಚ್ಚೇ. ಅವಗೆಂಪು ಬೆಳಕು ಕಾಣುವುದಿಲ್ಲವಾದ್ದರಿಂದ ಕಣ್ಣು ತಾನಾಗಿ ಮುಚ್ಚಿಕೊಳ್ಳುವುದಿಲ್ಲ, ಅಕ್ಷಿಪಟ ಸುಟ್ಟರೆ ನೋವೂ ಆಗುವುದಿಲ್ಲ. ಗಡಿಯಾರ, ಬಳೆ, ಉಂಗುರ, ಕಾಲ್ಗೆಜ್ಜೆ ತೆಗೆಯಿರಿ, ಹೊಳೆಯುವ ಲೋಹಕ್ಕೆ ಬಡಿದ ಬೆಳಕು ಎತ್ತಲಾದರೂ ಹೋಗಬಹುದು. ಕೋಣೆಯಲ್ಲಿ ನಿಲುವುಗನ್ನಡಿ ಇದ್ದರೆ ಮುಚ್ಚಿರಲಿ.

ರಬ್ಬರ್ ಟ್ಯಾಪಿಂಗ್ ಮಾಡುವವರಿಗೆ, ದಿನವಿಡೀ ಅಡಿಕೆ ಸುಲಿಯುವವರಿಗೆ ಬರುವ ಮೊಣಕೈಯ ಹೊರಬದಿ ನೋವನ್ನು, ಟೆನಿಸ್ ಎಲ್ಬೋ ಎನ್ನುವುದನ್ನು, ಉದಾಹರಣೆಗೆ ತೆಗೆದುಕೊಳ್ಳೋಣ. ಮೊಣಕೈ ಅರ್ಧ ಮಡಚಿ, ಅಂಗೈ ಕೆಳಗಾಗಿ ಮೇಜಿನ ಮೇಲಿರಲಿ. ಹೊರಬದಿಯ ಉಬ್ಬೆಲುಬು ಕೈಗೆ ಸಿಗುತ್ತದೆ. ಅದರ ಮುಂಭಾಗದಲ್ಲೇ, ಬೆರಳ ತುದಿಯಷ್ಟು ಜಾಗದಲ್ಲಿ ಸ್ನಾಯುರಜ್ಜು ಎಲುಬಿಗೆ ಕೂಡುತ್ತದೆ. ಅಲ್ಲಿ ಒತ್ತಿ, ರೋಗಿ ಕೈಮಣಿಕಟ್ಟನ್ನು ಮೇಲಕ್ಕೆ ಎತ್ತುವಾಗ ತಡೆಯಿರಿ; ‘ಅದೇ ನೋವು’ ಎಂದು ಅವರು ಹೇಳುವ ಬಿಂದುವಿನ ಬದಿಯಲ್ಲಿ ಪೆನ್ನಿನಿಂದ ಗುರುತು ಮಾಡಿ, ಬಿಂದುವಿನ ಮೇಲೆಯೇ ಮಸಿ ಬೇಡ. ಪ್ರೋಬನ್ನು ಚರ್ಮಕ್ಕೆ ನೆಟ್ಟಗೆ, ಚರ್ಮ ಸ್ವಲ್ಪ ಬಿಳಿಚಿಕೊಳ್ಳುವಷ್ಟು ಒತ್ತಿ ಹಿಡಿಯಿರಿ. ಒತ್ತಿದಾಗ ಅಲ್ಲಿಯ ರಕ್ತ ಸರಿದು, ಆ ರಕ್ತವೇ ಹೀರಿಕೊಳ್ಳುತ್ತಿದ್ದ ಬೆಳಕೂ ಒಳಗೆ ಇಳಿಯುತ್ತದೆ, ಪ್ರೋಬ್‌ಗೂ ರಜ್ಜಿಗೂ ನಡುವಿನ ದೂರವೂ ತಗ್ಗುತ್ತದೆ. ಒಂದು ಸೆಂಟಿಮೀಟರ್ ಮೇಲೆ ಗಾಳಿಯಲ್ಲಿ ಹಿಡಿದರೆ ಬೆಳಕಿನ ಒಂದು ಪಾಲು ಚರ್ಮದಿಂದ ಹಿಂದೆ ಚಿಮ್ಮಿಹೋಗುತ್ತದೆ. 810 ಅಥವಾ 830 ನ್ಯಾನೊಮೀಟರ್ ಆದರೆ ಒಂದೆರಡು ಬಿಂದು, ಬಿಂದುವಿಗೆ 4 ಜೂಲ್. ಮಾಂಸಖಂಡದ ತುಂಬಾ ಹರಡಿ ಕೊಡುವುದರಿಂದ ಲಾಭ ಕಾಣದು, ರೋಗವಿರುವುದು ರಜ್ಜು ಕೂಡುವ ಆ ಗುಲಗಂಜಿಯಷ್ಟು ಜಾಗದಲ್ಲಿ.

ಉಳಿದ ಜಾಗಗಳಿಗೆ ಶುರುಮಾಡುವ ಅಂದಾಜು ಹೀಗೆ, 780ರಿಂದ 860ರ ಲೇಸರ್‌ಗೆ: ಹಿಮ್ಮಡಿಯ ಅಡಿನೋವಿಗೆ 2-3 ಬಿಂದು, ಬಿಂದುವಿಗೆ ಕನಿಷ್ಠ 4 ಜೂಲ್, ಪಾದದ ಅಡಿಚರ್ಮ ದಪ್ಪ, ಆದ್ದರಿಂದ ಹಿಮ್ಮಡಿಯ ಒಳಬದಿಯಿಂದಲೂ ಒಂದು ಬಿಂದು ಇರಲಿ. ಹಿಮ್ಮಡಿಯ ಮೇಲಿನ ದಪ್ಪ ರಜ್ಜಿಗೆ ಎರಡೂ ಬದಿಯಿಂದ ಸೇರಿ 2-3 ಬಿಂದು, ಒಟ್ಟು 8 ಜೂಲ್‌ನಿಂದ. ಉಳುಕಿದ ಪಾದದ ಗಂಟಿಗೆ 2-4 ಬಿಂದು. ಸವೆದ ಮೊಣಗಂಟಿಗೆ ಕೀಲಿನ ಗೆರೆಯುದ್ದಕ್ಕೂ, ಹೆಚ್ಚಾಗಿ ಒಳಬದಿಯಲ್ಲಿ, ಬಿಂದುವಿಗೆ 4ರಿಂದ 8 ಜೂಲ್. ಕಾಲು ಸ್ವಲ್ಪ ಮಡಚಿದ್ದರೆ ಕೀಲಿನ ಸಂದು ತೆರೆದುಕೊಳ್ಳುತ್ತದೆ. 904ರ ಯಂತ್ರವಾದರೆ ಇಷ್ಟೊಂದು ಬೇಡ, ಬಿಂದುವಿಗೆ 1ರಿಂದ 3 ಜೂಲ್ ಸಾಕು. ಎರಡು ಯಂತ್ರದ ಸಂಖ್ಯೆಗಳನ್ನು ಅದಲುಬದಲು ಮಾಡಬಾರದು.

4ನೇ ವರ್ಗದಲ್ಲಿ ಲೆಕ್ಕ ಜಾಗದ ಮೇಲೆ ಹೋಗುತ್ತದೆ. ಬೆರಳೂ ಸೇರಿ ದೊಡ್ಡವರ ಅಂಗೈ ಸುಮಾರು 150 ಚದರ ಸೆಂಟಿಮೀಟರ್. ಎರಡು ಅಂಗೈಯಷ್ಟು ಜಾಗಕ್ಕೆ ಚದರ ಸೆಂಟಿಮೀಟರಿಗೆ 10 ಜೂಲ್‌ನಂತೆ 3000 ಜೂಲ್ ಬೇಕು. 10 ವ್ಯಾಟ್‌ನಲ್ಲಿ 300 ಸೆಕೆಂಡು, ಐದು ನಿಮಿಷ. ಐದೂ ನಿಮಿಷ ಪ್ರೋಬ್ ನಿಲ್ಲಬಾರದು. ‘ಬಿಸಿ ಹೆಚ್ಚಾಯಿತು’ ಎಂದು ಬಾಯಿಬಿಟ್ಟು ಹೇಳಿ. ನಮ್ಮ ಹಿರಿಯರು ಡಾಕ್ಟರರ ಮುಂದೆ ತಡೆದುಕೊಳ್ಳುವುದೇ ಮರ್ಯಾದೆ ಎಂದುಕೊಂಡು ಸುಮ್ಮನಿರುತ್ತಾರೆ, ಗುಳ್ಳೆ ಎದ್ದ ಮೇಲೆ ಮನೆಯಲ್ಲಿ ಹೇಳುತ್ತಾರೆ. ಚಿಕಿತ್ಸಕರೇ ನಿಮಿಷಕ್ಕೊಮ್ಮೆ, ಅವರ ಭಾಷೆಯಲ್ಲೇ ಕೇಳಬೇಕು.

ಹೆಚ್ಚು ಕೊಟ್ಟರೆ ಬೇಗ ಗುಣವಾಗುವುದಿಲ್ಲ. ತೋಟಕ್ಕೆ ಬಿಡುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಹದವಿದೆ. ತುತ್ತು ಸಾಲದಿದ್ದರೆ ಕೊಳೆರೋಗ ನಿಲ್ಲುವುದಿಲ್ಲ, ಸುಣ್ಣ ಸಾಲದೆ ತುತ್ತು ಮೇಲಾದರೆ ಗೊನೆಯೇ ಸುಡುತ್ತದೆ. ಲೇಸರ್‌ಗೂ ಅಂಥ ಹದವಿದೆ. ಕಡಿಮೆಯಾದರೆ ಕೋಶಕ್ಕೆ ತಿಳಿಯುವುದೇ ಇಲ್ಲ, ಒಂದು ಮಿತಿಯವರೆಗೆ ಪ್ರಚೋದನೆ, ಅದು ದಾಟಿದರೆ ಕೋಶದ ಕೆಲಸ ಕುಗ್ಗುತ್ತದೆ.

ಆರನೆಯದು: ಎಷ್ಟು ಸಲ, ಯಾವಾಗ ನಿಲ್ಲಿಸುವುದು

ದಿನವೂ ಆದರೆ ಎರಡು ವಾರ, ದಿನ ಬಿಟ್ಟು ದಿನವಾದರೆ ಮೂರರಿಂದ ನಾಲ್ಕು ವಾರ. ಮೊದಲೇ ಹೇಳಿದ ವಾಲ್ಟ್ ಕೊಟ್ಟ ಶಿಫಾರಸು ಇದು. ಉರಿಯೂತ ಹತೋಟಿಗೆ ಬಂದ ಮೇಲೆ ಪ್ರಮಾಣವನ್ನು ಸುಮಾರು ಶೇ. 30ರಷ್ಟು ಇಳಿಸಬಹುದು. ವಾರಕ್ಕೊಂದು ಸಲ ಬಸ್ಸು ಸಿಕ್ಕಾಗ ಬಂದು ಹೋಗುವುದರಿಂದ ಪ್ರಯೋಜನ ಸಾಲದು. ಮುಳ್ಳೇರಿಯ, ಪೆರ್ಲದಂಥ ಒಳನಾಡಿನಿಂದ ಬರುವವರಿಗೆ ದಿನವೂ ಬರುವುದು ಕಷ್ಟವೇ. ಅಂಥವರು ದಿನ ಬಿಟ್ಟು ದಿನದ ಕ್ರಮವನ್ನು ಅಡಿಕೆ ಕೊಯ್ಲು ಮುಗಿದ ಮೇಲೆ ಒಂದೇ ಹಿಡಿತದಲ್ಲಿ ಮಾಡಿಕೊಳ್ಳಲಿ.

ಶುರುವಿನ ದಿನ ಒಂದು ಹಾಳೆಯಲ್ಲಿ ಎರಡು ವಿಷಯ ಬರೆದುಕೊಳ್ಳಿ: 0ಯಿಂದ 10ರಲ್ಲಿ ನೋವು ಎಷ್ಟು, ಮತ್ತು ನೋವಿನಿಂದ ಆಗದೇ ಹೋದ ಒಂದು ಕೆಲಸ. ಬಾವಿಯಿಂದ ಕೊಡ ಎತ್ತುವುದು, ಚಕ್ಕಳಮಕ್ಕಳ ಕೂರುವುದು, ಬಸ್ಸಿನ ಮೆಟ್ಟಿಲು ಹತ್ತುವುದು, ಏನಾದರೂ ಸರಿ. ಮೊದಲ ಒಂದೆರಡು ಸಲದ ನಂತರ ಒಂದು ದಿನ ನೋವು ತುಸು ಏರಬಹುದು, ಹೆದರಬೇಡಿ, ಮುಂದಿನ ಸಲ ಪ್ರಮಾಣ ಇಳಿಸಲು ಹೇಳಿ. ಐದಾರು ಸಲವಾದರೂ ಸಂಖ್ಯೆಯೂ ಇಳಿಯದೆ, ಆ ಕೆಲಸವೂ ಆಗದೆ ಇದ್ದರೆ ನಿಲ್ಲಿಸಿ ಕೇಳಬೇಕು: ರೋಗ ಬೇರೆಯೇ? ಬಿಂದು ತಪ್ಪಿತೇ? ಜೂಲ್ ಸಾಲದೇ? ನೋವು ತರುವ ಕೆಲಸ ಇನ್ನೂ ನಡೆದಿದೆಯೇ? ಉತ್ತರ ಸಿಗದೆ ಹತ್ತು ಸಲದ ಹಣ ಮುಂಗಡ ಕಟ್ಟಬೇಡಿ.

ಆ ಕೊನೆಯ ಪ್ರಶ್ನೆಗೆ ಹೆಚ್ಚಾಗಿ ಉತ್ತರ ಹೌದು. ಬೆಳಿಗ್ಗೆ ಮುನ್ನೂರು ಮರ ಟ್ಯಾಪ್ ಮಾಡಿ ಮಧ್ಯಾಹ್ನ ಮೊಣಕೈಗೆ ಲೇಸರ್ ಇಟ್ಟರೆ ಬೆಳಕು ಸೋಲುತ್ತದೆ. ಕೆಲಸ ಪೂರ್ತಿ ಬಿಡಲು ಬಡವರಿಗೆ ಆಗದು, ಬಿಡಬೇಕಾಗಿಯೂ ಇಲ್ಲ. ಕತ್ತಿ ಹರಿತ ಮಾಡಿಕೊಂಡರೆ, ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಮುಷ್ಟಿ ಬಿಗಿಯುವ ಬಲ ತಗ್ಗುತ್ತದೆ. ಬೀಡಿ ಕಟ್ಟುವವರು ಮೊರವನ್ನು ತೊಡೆಯ ಮೇಲಿನಿಂದ ಸ್ವಲ್ಪ ಎತ್ತರಕ್ಕೆ ತಂದರೆ ಕುತ್ತಿಗೆ ಬಗ್ಗುವುದು ಕಡಿಮೆಯಾಗುತ್ತದೆ, ಅರ್ಧ ಗಂಟೆಗೊಮ್ಮೆ ಎದ್ದು ಭುಜ ತಿರುಗಿಸಲಿ. ಯಕ್ಷಗಾನದಲ್ಲಿ ಮಂಡಿ ಹಾಕುವವರು ಗಂಟು ಊದಿರುವಷ್ಟು ದಿನ ಅದನ್ನು ಬಿಟ್ಟು ಕುಣಿಯಲಿ.

ವ್ಯಾಯಾಮವಿಲ್ಲದ ಲೇಸರ್ ಅರ್ಧ ಚಿಕಿತ್ಸೆ. ಮೊಣಕೈಗೆ: ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು, ಇನ್ನೊಂದು ಕೈಯ ಸಹಾಯದಿಂದ ಮಣಿಕಟ್ಟು ಮೇಲೆತ್ತಿ, ನಾಲ್ಕು ಎಣಿಸುತ್ತಾ ನಿಧಾನ ಕೆಳಗಿಳಿಸುವುದು. ಹಿಮ್ಮಡಿಯ ಮೇಲಿನ ರಜ್ಜಿಗೆ ಹೆಸರಾದ ಕ್ರಮವೆಂದರೆ ಮೆಟ್ಟಿಲ ಅಂಚಿನಲ್ಲಿ ಮುಂಗಾಲಲ್ಲಿ ನಿಂತು ಹಿಮ್ಮಡಿ ನಿಧಾನ ಇಳಿಸುವುದು, 15ರಂತೆ 3 ಸುತ್ತು, ದಿನಕ್ಕೆ ಎರಡು ಹೊತ್ತು, 12 ವಾರ. ಮೊಣಗಂಟು ನೆಟ್ಟಗಿಟ್ಟು ಒಮ್ಮೆ, ಮಡಚಿ ಒಮ್ಮೆ. ಮೊಣಗಂಟಿಗೆ ತೊಡೆಯ ಮುಂಭಾಗ ಬಿಗಿಯುವ ವ್ಯಾಯಾಮ. ಲೇಸರ್ ನೋವನ್ನು ತಗ್ಗಿಸಿ ಇದನ್ನೆಲ್ಲ ಮಾಡಲು ಆಗುವಂತೆ ಮಾಡುತ್ತದೆ, ಬಲ ಬರುವುದು ಮಾತ್ರ ವ್ಯಾಯಾಮದಿಂದ.

ಯಂತ್ರ ಇಟ್ಟುಕೊಂಡವರಿಗೆ

ಕರಾವಳಿಯ ತೇವಕ್ಕೆ ಪ್ರೋಬ್‌ನ ಗಾಜು ಮಂಜಾಗುತ್ತದೆ. ಪ್ರತಿ ರೋಗಿಯ ನಂತರ ಸ್ಪಿರಿಟ್ ಹತ್ತಿಯಿಂದ ಒರೆಸಿ, ಆರಿದ ಮೇಲೆ ಬಳಸಿ. ಬೆಳಕು ಹೊಮ್ಮಿಸುವ ಡಯೋಡ್ ವರ್ಷಗಳಾದಂತೆ ಮಂಕಾಗುತ್ತದೆ. ಪರದೆ ಮಾತ್ರ 200 ಮಿಲಿವ್ಯಾಟ್ ಎಂದೇ ತೋರಿಸುತ್ತಿರುತ್ತದೆ. ವರ್ಷಕ್ಕೊಮ್ಮೆ ಶಕ್ತಿಮಾಪಕ ಹಿಡಿದು ಅಳತೆ ಮಾಡಿಸಿ, ಬಂದ ಸಂಖ್ಯೆಯನ್ನು ಯಂತ್ರದ ಮೇಲೆ ಅಂಟಿಸಿ. ಮಳೆಗಾಲದಲ್ಲಿ ಕರೆಂಟು ಏರಿಳಿಯುವ ಊರಿನಲ್ಲಿ ಸ್ಟೆಬಿಲೈಸರ್ ಇಲ್ಲದೆ ಹಚ್ಚಬೇಡಿ. ಕೀಲಿಕೈ ಯಂತ್ರದಲ್ಲೇ ಬಿಟ್ಟು ಊಟಕ್ಕೆ ಹೋಗಬೇಡಿ. ರೋಗಿಯ ಚೀಟಿಯಲ್ಲಿ ಹೀಗೆ ಬರೆಯಿರಿ: ‘810 ನ್ಯಾ.ಮೀ., 200 ಮಿ.ವ್ಯಾ., ಬಲ ಮೊಣಗಂಟಿನ ಒಳಬದಿ 4 ಬಿಂದು, ತಲಾ 6 ಜೂಲ್, 30 ಸೆಕೆಂಡು, 3ನೇ ಸಲ’. ಆ ರೋಗಿ ನಾಳೆ ಮಂಗಳೂರಿಗೆ ಹೋದರೂ ಅಲ್ಲಿಯವರು ಇದೇ ಸಾಲಿನಿಂದ 4ನೇ ಸಲ ಶುರುಮಾಡಬಹುದು.

ಮನೆಗೆ ತರಿಸುವ ಸಾಧನಗಳು

ಆನ್‌ಲೈನಿನಲ್ಲಿ ಸಿಗುವ ಕೆಂಪು ಬೆಳಕಿನ ಪೆನ್ನುಗಳಲ್ಲಿ ಹಲವು 5 ಮಿಲಿವ್ಯಾಟಿನವು. ಒಂದೇ ಬಿಂದುವಿಗೆ 4 ಜೂಲ್ ಬೇಕಾದರೆ 800 ಸೆಕೆಂಡು, ಹದಿಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಹಿಡಿದು ಕೂರಬೇಕು. ಮೊಣಗಂಟಿನ ನಾಲ್ಕು ಬಿಂದುವಿಗೆ ಸುಮಾರು ಒಂದು ಗಂಟೆ. ಎಲ್‌ಇಡಿ ಪಟ್ಟಿಗಳು ಲೇಸರ್ ಅಲ್ಲ, ಆದರೂ ಬೆಳಕು ಸರಿಯಾದ ಅಲೆಯುದ್ದದ್ದಾದರೆ ಮೇಲ್ಮೈಯ ನೋವಿಗೆ ಅವೂ ಆಗುತ್ತವೆ. ಡಬ್ಬಿಯ ಮೇಲೆ ಅಲೆಯುದ್ದ ಮತ್ತು ಚದರ ಸೆಂಟಿಮೀಟರಿಗೆ ಎಷ್ಟು ಮಿಲಿವ್ಯಾಟ್ ಎಂದು ಬರೆಯದ ಸಾಧನವನ್ನು ಕೊಳ್ಳಬೇಡಿ. 3ಬಿ ಅಥವಾ 4 ಎಂದು ಗುರುತಿರುವುದನ್ನು ಮಕ್ಕಳಿರುವ ಮನೆಗೆ ತರಲೇಬೇಡಿ. ಮಕ್ಕಳು ಅದನ್ನು ಆಟದ ಟಾರ್ಚೆಂದು ಒಬ್ಬರ ಮುಖಕ್ಕೆ ಒಬ್ಬರು ಹಿಡಿಯುತ್ತಾರೆ. ಹಾಗೊಮ್ಮೆ ಕಣ್ಣಿಗೆ ಬಿದ್ದರೆ, ನೋವಿಲ್ಲದಿದ್ದರೂ, ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದು ಸಾಧನವನ್ನೂ ಜೊತೆಗೆ ಒಯ್ಯಿರಿ. ಅದರ ಮೇಲಿನ ಅಲೆಯುದ್ದ ಮತ್ತು ಶಕ್ತಿಯ ಗುರುತು ಅವರಿಗೆ ಬೇಕಾಗುತ್ತದೆ.